ಬಾಯ್ಲರ್ ಪತ್ರದ ಕೊನೆಯ ಸಾಲು

ಕಾರ್ಖಾನೆಯಿಂದ ಹೊರಡುವ ಇಂಗ್ಲಿಷ್ ಪತ್ರಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಪ್ರತಿಯೊಂದರ ಕೊನೆಗೂ 'ರಿಗಾರ್ಡ್ಸ್' ಸೇರಿಸುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವಳು ರಿಗಾರ್ಡ್ಸ್ ಮೇಡಂ. ಬಾಯ್ಲರ್ ಇಂಜಿನಿಯರ್ ಮಾತ್ರ ತನ್ನ ಪತ್ರಗಳಲ್ಲಿ ಬೇಕಂತಲೇ ತಪ್ಪು ಮಾಡಿಕೊಂಡು ಬರುತ್ತಿದ್ದ.

"ಪೈಪ್ ಮಾರೋನಿಗೆ 'ವಿತ್ ಲವ್' ಅಂತ ಮುಗಿಸ್ತಾರೇನ್ರೀ?"

"ಮತ್ಯಾರಿಗೆ ಹಾಗೆ ಮುಗಿಸ್ಲಿ, ನೀವೇ ಹೇಳಿ," ಎಂದು ಅವನು ಮೇಜಿಗೆ ಒರಗಿ ನಿಲ್ಲುತ್ತಿದ್ದ. ಅವಳು ಪರದೆಯತ್ತ ತಿರುಗುತ್ತಿದ್ದಳು. ಕಿವಿ ಕೆಂಪಾದದ್ದು ಅವನಿಗೆ ಕಂಡೇ ಕಾಣುತ್ತಿತ್ತು.

ಕಳೆದ ವಾರ ಅವನು ತಮಾಷೆ ಮಾಡಲಿಲ್ಲ. ಬಾಯ್ಲರ್ ಕೊಳವೆಗಳು ಸವೆದಿವೆ, ಕೂಡಲೇ ನಿಲ್ಲಿಸಿ ಎಂದು ಮಾಲೀಕರಿಗೆ ಒರಟಾಗಿ ಬರೆದಿದ್ದ. ಇವನ ಕೆಲಸಕ್ಕೇ ಸಂಚಕಾರ ಬಂದೀತೆಂದು ಅವಳು ಹೆದರಿದಳು. ನಿಮಗೆ ಅನುಕೂಲವಾದಾಗ ನೋಡಿ ಎಂಬಂತೆ 'ಅಟ್ ಯುವರ್ ಕನ್ವೀನಿಯನ್ಸ್, ವಾರ್ಮ್ ರಿಗಾರ್ಡ್ಸ್' ಎಂದು ಕೊನೆಗೆ ಸೇರಿಸಿ ಕಳಿಸಿದಳು.

ಇವತ್ತು ಮಾಲೀಕರ ಉತ್ತರ ಬಂತು. ಅವಸರವೇನಿಲ್ಲವಲ್ಲ, ಮುಂದಿನ ತಿಂಗಳು ನೋಡೋಣ.

ಬೆಳಗಿನಿಂದ ನೆಲ ಸಣ್ಣಗೆ ನಡುಗುತ್ತಿತ್ತು. ಗೋಡೆಯಾಚೆಯ ಬಾಯ್ಲರಿನ ಗುಯ್‌ಗುಡುವ ಸದ್ದು ದಪ್ಪವಾಗಿತ್ತು. ಅವಳು ಬಿದ್ದಂಬೀಳ ಓಡಿದಳು.

ಬಾಯ್ಲರ್ ಮನೆಯ ಬಾಗಿಲಲ್ಲಿ ಅವನು ಕೈಗವಸು ಹಾಕಿಕೊಳ್ಳುತ್ತಿದ್ದ.

"ನಿಮ್ಮ ಪತ್ರ ಕೆಡಿಸಿದ್ದು ನಾನೇ. ಅನುಕೂಲ ನೋಡ್ಕೊಳ್ಳಿ ಅಂತ ಸೇರಿಸ್ಬಿಟ್ಟೆ."

"ಗೊತ್ತು. ನಂಗೂ ಕಾಪಿ ಬಂದಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ನನ್ನ ಮೇಲೆ ಇಷ್ಟೊಂದು ಕಾಳಜಿನಾ ಅಂತ ಖುಷಿಪಟ್ಕೊಂಡು ಕೂತೆ. ಪ್ರೀತಿ ಕುರುಡು ಅಂತಾರಲ್ಲ, ಹಾಗಾಯ್ತು."

ಒಳಗೆ ಸದ್ದು ಒಮ್ಮೆ ತಡವರಿಸಿ ಮತ್ತೆ ಜೋರಾಯಿತು. ಅವನ ಮುಖ ಬಿಳಿಚಿತು.

"ಒಳಗೆ ಇಬ್ರಿದ್ದಾರೆ. ಅವ್ರನ್ನ ಕಳಿಸಿ ಬೆಂಕಿ ಆರಿಸ್ಬೇಕು."

"ಹೇಳ್ದೆ ಕೇಳ್ದೆ ಆರಿಸಿದ್ರೆ ಕೆಲ್ಸ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡಿ. ಬಂದ್ಮೇಲೆ ಮಿಕ್ಕಿದ್ದು ಮಾತಾಡೋಣ."

"ಆಮೇಲೆ ಬೇಡ. ಈಗ್ಲೇ ಹೇಳಿ."

ಅವನು ಒಂದು ಕೈಗವಸು ಕಳಚಿ ಅವಳ ಕೆನ್ನೆ ಮುಟ್ಟಿದ. ಬೆರಳುಗಳು ತಣ್ಣಗಿದ್ದವು.

"ನೀವಂದ್ರೆ ನಂಗೆ ಪ್ರಾಣ ಕಣ್ರೀ."

"ನಂಗೂ."

ಒಳಗಿನಿಂದ ಯಾರೋ ಕೂಗಿದರು. ಅವನು ಬಾಗಿಲು ತಳ್ಳಿಕೊಂಡು ನುಗ್ಗಿದ.

ಸ್ವಲ್ಪ ಹೊತ್ತಿಗೆ ಇಬ್ಬರು ಕೆಲಸಗಾರರು ಕೆಮ್ಮುತ್ತ ಹೊರಬಂದರು. ಅವಳು ಅವರ ಬೆನ್ನ ಹಿಂದೆ ನೋಡಿದಳು. ಯಾರೂ ಇರಲಿಲ್ಲ.

"ದೂರ ಬನ್ನಿ ಮೇಡಂ!" ಎಂದು ಅವರು ತೋಳು ಹಿಡಿದು ಎಳೆದರು.

ಅವಳು ಕದಲಲಿಲ್ಲ. ಕಾಲ ಕೆಳಗೆ ನೆಲ ಇನ್ನೂ ನಡುಗುತ್ತಲೇ ಇತ್ತು.