ಹೂ ಕಟ್ಟುವಾಗ ಬಾಯಿ ಜಾರಿದ ಮಾತು

“ನರ್ಸಿಂಗ್ ಮಾಡಿದ್ರೆ ಗಲ್ಫಿಗಾದ್ರೂ ಹೋಗ್ಬಹುದಿತ್ತು. ಈ ಕೌನ್ಸೆಲಿಂಗ್ ಕಲಿತವರಿಗೆ ಯಾರು ಕೆಲಸ ಕೊಡ್ತಾರೆ ಮಾರಾಯ್ತಿ?” ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಪಕ್ಕದ ಮನೆಯ ಬರ್ತಾ ಆಂಟಿ ಕೇಳಿದರು.

ಮೊಗ್ಗು ಜೋಡಿಸಿ ಕೊಡುತ್ತಿದ್ದ ಕ್ಯಾರೆನ್‌ಗೆ ಸಿಟ್ಟು ನೆತ್ತಿಗೇರಿತು. ಆಂಟಿ ಹೇಳಿದ್ದು ಅವಳ ಅಕ್ಕ ವಿಲ್ಮಾಳ ವಿಷಯ! ವಿಲ್ಮಾ ಮಣಿಪಾಲದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಟ್ರೈನಿಂಗಿಗೆಂದು ಕ್ಯಾರೆನ್‌ನ ಶಾಲೆಗೇ ಬರುತ್ತಿದ್ದಳು. ಮನಸ್ಸಿಗೆ ಬೇಸರವಾದ ಮಕ್ಕಳು ಅವಳ ರೂಮಿಗೆ ಹೋಗಿ ಮಾತಾಡಬಹುದಿತ್ತು.

“ನಮ್ಮ ಶಾಲೆಯಲ್ಲೇ ಕೊಡ್ತಾರೆ! ಕೆಲಸ ಚೆನ್ನಾಗಿದ್ರೆ ಮುಂದಿನ ವರ್ಷ ಅಪಾಯಿಂಟ್ ಮಾಡ್ತೇನೆ ಅಂತ ಹೆಡ್‌ಮಿಸ್ ಹೇಳಿದ್ದಾರೆ. ನನ್ನ ಫ್ರೆಂಡ್ ಹರ್ಷಿಣಿ ಅಳ್ತಾ ಒಳಗೆ ಹೋದವಳು ನಗ್ತಾ ಹೊರಗೆ ಬಂದಳು, ಗೊತ್ತುಂಟಾ?”

“ಮೀನು ಮಾರುವ ಸುಂದರಿಯ ಮೊಮ್ಮಗಳಾ? ಅವಳಿಗೆ ಎಂತ ಆಯ್ತು?” ಆಂಟಿಯ ಕೈ ನಿಂತಿತು.

ಕ್ಯಾರೆನ್ ನಾಲಿಗೆ ಕಚ್ಚಿಕೊಂಡಳು. ಆದರೆ ಶಂಕರಪುರದ ಜಗಲಿಗಳಲ್ಲಿ ಹೂ ಕಟ್ಟುವಾಗ ಬಾಯಿಗೆ ಬೀಗ ಹಾಕಿ ಕೂತವರನ್ನು ಯಾರು ಕಂಡಿದ್ದಾರೆ? ಹೂವು ಪೇಟೆಗೆ ಹೋಗುವ ಮೊದಲೇ ಸುದ್ದಿ ಹೋಗಿತ್ತು.

ಮರುದಿನ ಶಾಲೆಯ ವ್ಯಾನಿನಲ್ಲಿ ಯಾರೋ ಪಿಸುಗುಟ್ಟಿದರು. “ಹರ್ಷಿಣಿಗೆ ಹುಚ್ಚಂತೆ!”

ಹರ್ಷಿಣಿ ಕ್ಲಾಸಿನಲ್ಲಿ ಬೇರೆ ಬೆಂಚಿಗೆ ಹೋಗಿ ಕೂತಳು. “ನಿನ್ನ ಅಕ್ಕನೇ ಎಲ್ಲರಿಗೂ ಹೇಳಿದ್ದು. ಇನ್ನು ಆ ರೂಮಿಗೆ ನಾನು ಹೋಗುವುದೇ ಇಲ್ಲ” ಅಂದಳು.

ಕ್ಯಾರೆನ್‌ಗೆ ಲೆಕ್ಕ ತಲೆಗೆ ಹತ್ತಲಿಲ್ಲ. ನೀರು ಕುಡಿಯುವ ನೆಪ ಮಾಡಿ ಆಫೀಸಿನ ಹತ್ತಿರ ಹೋದರೆ, ಒಳಗೆ ಅಕ್ಕ ತಲೆ ತಗ್ಗಿಸಿ ನಿಂತಿದ್ದಳು.

“ಮಕ್ಕಳ ವಿಷಯ ಹೀಗೆ ರೋಡಿಗೆ ಬಂದ್ರೆ ನಾನು ನಿಮ್ಮನ್ನು ಕೆಲಸಕ್ಕೆ ಹೇಗೆ ತೆಗೆದುಕೊಳ್ಳುವುದು?” ಎಂದು ಹೆಡ್‌ಮಿಸ್ ಕೇಳುತ್ತಿದ್ದರು.

“ನಾನು ಯಾರಿಗೂ ಹೇಳಲಿಲ್ಲ ಮೇಡಂ.” ಅಕ್ಕ ಅಷ್ಟೇ ಅಂದಳು.

ಅಲ್ಲೇ ಒಳಗೆ ನುಗ್ಗಿ ಎಲ್ಲ ಹೇಳಬಹುದಿತ್ತು. ಆದರೆ ಕ್ಯಾರೆನ್ ತಿರುಗಿ ಕ್ಲಾಸಿಗೆ ಓಡಿದಳು. ಸಂಜೆ ಅಕ್ಕ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದಾಗ ಕ್ಯಾರೆನ್‌ಗೆ ತಡೆಯಲಾಗಲಿಲ್ಲ.

“ಹೇಳಿದ್ದು ನಾನು ಅಕ್ಕಾ. ನಿನಗೆ ಕೆಲಸ ಸಿಗುವುದಿಲ್ಲ ಅಂತ ಬರ್ತಾ ಆಂಟಿ ಅಂದ್ರು. ಅದಕ್ಕೆ…” ಮುಂದಿನದು ಅಳುವಿನಲ್ಲಿ ಮುಳುಗಿತು.

ವಿಲ್ಮಾ ಮುಚ್ಚಿದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. “ನನಗೆ ತುಂಬಾ ಸಿಟ್ಟು ಬಂದಿದೆ. ಆದ್ರೆ ಕೆಲಸದ ಮಾತು ಆಮೇಲೆ. ನೀನು ಮೊದಲು ಹರ್ಷಿಣಿಗೆ ಹೇಳ್ಬೇಕು.”

“ಅವಳು ನಿನ್ನ ಹತ್ರ ಎಂತ ಹೇಳಿದ್ದಳು ಅಕ್ಕಾ?”

“ಅದು ಅವಳದ್ದು.”

ಮರುದಿನ ಕ್ಯಾರೆನ್ ಹೆಡ್‌ಮಿಸ್ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. ಅವರು “ಮುಂದೆ ನೋಡುವ” ಎಂದಷ್ಟೇ ಅಂದರು. ಅದಕ್ಕಿಂತ ಮೊದಲು ಹರ್ಷಿಣಿಯ ಎದುರು ನಿಲ್ಲುವುದು ಇನ್ನೂ ಕಷ್ಟವಾಗಿತ್ತು. ಹರ್ಷಿಣಿ ಎಲ್ಲವನ್ನೂ ಕೇಳಿಸಿಕೊಂಡು ಎದ್ದು ಹೋಗಿದ್ದಳು.

ಶುಕ್ರವಾರ ಆಟದ ಪಿರಿಯಡ್. ವರಾಂಡದಲ್ಲಿ ಕ್ಲಾಸಿನ ಜೋವಿನ್ ಜೊತೆ ಶೂ ಹಾಕಿಕೊಳ್ಳುತ್ತಿದ್ದ ಕ್ಯಾರೆನ್ ತಲೆ ಎತ್ತಿದಳು. ಅಕ್ಕನ ರೂಮಿನ ಬಾಗಿಲಲ್ಲಿ ಹರ್ಷಿಣಿ ನಿಂತಿದ್ದಳು, ಯಾರಾದರೂ ನೋಡುತ್ತಿದ್ದಾರೋ ಎಂದು ಹಿಂದೆ ಮುಂದೆ ನೋಡುತ್ತಾ.

ಕ್ಯಾರೆನ್ ಬೇಗ ಮುಖ ತಿರುಗಿಸಿ, ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು.

“ಆ ರೂಮಿಗೆ ಯಾರು ಹೋದದ್ದು?” ಜೋವಿನ್ ಕತ್ತು ಉದ್ದ ಮಾಡಿದ.

“ಯಾವ ರೂಮು? ಬಾ ಮಾರಾಯ, ಆಟಕ್ಕೆ ಲೇಟಾಯ್ತು” ಎಂದು ಕ್ಯಾರೆನ್ ಅವನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಓಡಿದಳು.