ಬಾಣ ತಪ್ಪಿದ ಟೈಲುಗಳು

"ಈ ಲಾಟ್ ಪೂರ್ತಿ ವಾಪಸ್!"

ಚೆಕ್ಕಿಂಗ್ ಟೇಬಲ್ಲಿನ ಹುಡುಗಿ ಕೆಂಪು ಚೀಟಿ ಅಂಟಿಸಿ ಕೈ ಝಾಡಿಸಿದಳು. ಎದುರಿಗೆ ನಿಂತಿದ್ದವನು ಕಾರ್ಪೆಟ್ ಟೈಲ್ ಕಾರ್ಖಾನೆಗೆ ಸೇರಿ ಇನ್ನೂ ಮೂರೇ ದಿನವಾಗಿದ್ದ ಹೊಸ ಲೈನ್ ಇನ್‌ಚಾರ್ಜ್. ಬೆಳಿಗ್ಗೆಯಿಂದ ಬೆವರು ಸುರಿಸಿ ಮಾಡಿಸಿದ ಮಾಲು ಅದು!

"ಏನಾಗಿದೆ ಅಂತ ಹೇಳ್ತೀರಾ?"

"ಕಣ್ಣಿಗೆ ಕಾಣಲ್ವೇನ್ರೀ? ಎಳೆ ಒಂದು ಕಡೆ ವಾಲಿದೆ, ಹಿಂದಿನ ಬಾಣ ಇನ್ನೊಂದು ಕಡೆ ತೋರಿಸ್ತಿದೆ!"

ಕಾರ್ಪೆಟ್ಟಿನ ಎಳೆಗಳು ಯಾವಾಗಲೂ ಒಂದೇ ದಿಕ್ಕಿಗೆ ವಾಲಿರುತ್ತವೆ. ಅದು ಯಾವ ದಿಕ್ಕು ಎಂದು ತಿಳಿಯಲಿ ಅಂತಲೇ ಪ್ರತಿ ಟೈಲಿನ ಬೆನ್ನ ಮೇಲೆ ಒಂದು ಬಾಣ ಒತ್ತುತ್ತಾರೆ. ಬಾಣ ತಪ್ಪಿದರೆ ಹಾಸಿದ ನೆಲ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಅವನು ಒಂದು ಟೈಲು ಎತ್ತಿಕೊಂಡ. ಅಂಗೈಯಿಂದ ಮೇಲ್ಮೈ ಸವರಿದ, ತಿರುಗಿಸಿ ಬಾಣ ನೋಡಿದ.

"ನಿಮ್ಮ ಮಾತೇ ಸರಿ" ಎಂದ. ಅಷ್ಟೇ! ಗಾಡಿಯನ್ನು ತಾನೇ ತಳ್ಳಿಕೊಂಡು ಹೊರಟ.

ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದವಳಿಗೆ ಸಪ್ಪೆಯಾಗಿಹೋಯಿತು. 'ಇದೆಂಥ ಗುಮ್ಮನಗುಸುಕ ಅಪ್ಪಾ...' ಅಂದುಕೊಂಡಳು. ಮಧ್ಯಾಹ್ನದೊಳಗೆ ಆ ಹೆಸರು ಇಡೀ ಕಾರ್ಖಾನೆಗೆ ಹಬ್ಬಿತು. ಅವಳಿಗಂತೂ ಮೊದಲಿಂದಲೂ ಒಂದು ಹೆಸರಿತ್ತು. ಹದ್ದು! ಅವಳ ಕಣ್ಣು ತಪ್ಪಿಸಿ ಒಂದು ಎಳೆಯೂ ಆಚೆ ಹೋಗುತ್ತಿರಲಿಲ್ಲ.

ಅದಾದ ವಾರಕ್ಕೆ ಅವಳು ಕೆಲಸಕ್ಕೆ ಬಂದು ನೋಡಿದರೆ, ಟೇಬಲ್ಲಿನ ಹಿಂದೆ ಸಿಮೆಂಟು ನೆಲದ ಮೇಲೆ ಎರಡು ಕುಶನ್ ಟೈಲು! ದಿನಕ್ಕೆ ಎಂಟು ಗಂಟೆ ನಿಂತು ಸೆಟೆದುಹೋಗಿದ್ದ ಪಾದಗಳು ಅವುಗಳ ಮೇಲೆ ಇಟ್ಟ ಕೂಡಲೇ ಹಾಯೆಂದವು.

"ಇದ್ಯಾರು ಹಾಕಿದ್ದು?"

"ರಿಜೆಕ್ಟ್ ಮಾಲು" ಎಂದ ಗುಮ್ಮ, ಮುಖ ಎತ್ತದೆ. "ಬಾಣ ತಪ್ಪಿದ್ದು. ನೀವೇ ಚೀಟಿ ಅಂಟಿಸಿದ್ದು."

ಅವಳು ನಕ್ಕಳು. ಅವನೂ ನಕ್ಕ. ಮುಂದೇನಾಯಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷದೊಳಗೆ 'ನೀವು' ಹೋಗಿ 'ನೀನು' ಬಂದಿತ್ತು.

ಅವಳಿಗೆ ಮನೆಯಲ್ಲಿ ಇದ್ದದ್ದು ಅಪ್ಪ ಒಬ್ಬರೇ. ಅಮ್ಮ ತೀರಿಕೊಂಡಾಗ ಅವಳಿಗೆ ಐದು ವರ್ಷ. ಅಪ್ಪನೂ ಅದೇ ಲೈನಿನಲ್ಲಿ ಜಾಲರಿ ಮೇಸ್ತ್ರಿ. ಕಾರ್ಪೆಟ್ಟಿನ ಬೆನ್ನಿಗೆ ಬಿಸಿ ಅಂಟು ಸುರಿದ ಮೇಲೆ ಅದರೊಳಗೆ ಗಾಜಿನ ನೂಲಿನ ಜಾಲರಿಯನ್ನು ರೋಲರುಗಳ ನಡುವೆ ಹಾಯಿಸಿ ಕೂರಿಸುವುದು, ಆಮೇಲೆ ಕೆಳಗಡೆ ಮೆತ್ತನೆಯ ಕುಶನ್ ಅಂಟುವ ಹಾಗೆ ನೋಡಿಕೊಳ್ಳುವುದು ಅವರ ಕೆಲಸ.

"ನೋಡು ಪುಟ್ಟಿ, ಜನ ನೋಡೋದು ಮೇಲಿನ ಬಣ್ಣ. ಕಾಲಿಗೆ ಸಿಗೋದು ಕುಶನ್ನು. ನಡುವೆ ಇರೋ ಜಾಲರಿ ಯಾರ ಕಣ್ಣಿಗೂ ಬೀಳಲ್ಲ" ಅನ್ನುತ್ತಿದ್ದರು. "ಅದಿಲ್ದೇ ಇದ್ರೆ ಮಾತ್ರ ವರ್ಷದೊಳಗೆ ನಾಲ್ಕು ಮೂಲೆನೂ ಎದ್ದು ಕೂರುತ್ತೆ!"

ಗುಮ್ಮನನ್ನು ಅಪ್ಪ ಒಪ್ಪಿದರು. ಮದುವೆಯ ಮಾತೂ ಆಯಿತು. ಒಂದು ದಿನ ಅವಳು ಕೆಲಸದಿಂದ ಬರುವಷ್ಟರಲ್ಲಿ ಗುಮ್ಮ, ಅಪ್ಪ ಇಬ್ಬರೂ ಸೇರಿ ಮನೆಯ ತುಂಬ ರಿಜೆಕ್ಟ್ ಟೈಲು ಹಾಸಿ ಮುಗಿಸಿದ್ದರು. ನೋಡಿದವಳೇ ಹಣೆ ಚಚ್ಚಿಕೊಂಡಳು.

"ಅಯ್ಯೋ! ಒಂದು ಸಾಲು ಹಿಂಗೆ, ಪಕ್ಕದ್ದು ಅಡ್ಡ! ಲೈನ್ ಇನ್‌ಚಾರ್ಜ್ ಅಂತೆ, ಬಾಣ ನೋಡಿ ಹಾಸೋಕೂ ಬರಲ್ವಾ? ಇಲ್ಲಿ ನೋಡು, ನಡುನಡುವೆ ಕುಶನ್ನೇ ಇಲ್ಲದ ಗಟ್ಟಿ ಟೈಲು ಬೇರೆ!"

ಗುಮ್ಮ ಅಪ್ಪನ ಕಡೆ ನೋಡಿದ. ಅಪ್ಪ ಜೋರಾಗಿ ನಕ್ಕುಬಿಟ್ಟರು.

"ಬಿಡೇ ಪುಟ್ಟಿ. ನಮ್ಮನೇಗೆ ಯಾವ ಇನ್‌ಸ್ಪೆಕ್ಟರ್ ಬರ್ತಾನೆ?"

"ನಾನಿಲ್ವಾ?"

"ನಿನ್ನ ಕಣ್ಣು ತಪ್ಪಿಸೋಕೆ ಆಗುತ್ತಾ..." ಎಂದರು ಅಪ್ಪ. ಮಾತು ಅರ್ಧಕ್ಕೇ ನಿಂತಿತು. ಅವಳು ಅದನ್ನು ಗಮನಿಸಲಿಲ್ಲ.

ಮದುವೆಗೆ ಎರಡು ತಿಂಗಳಿತ್ತು. ಆಗಲೇ ಅದು ನಡೆದದ್ದು.

ಆವತ್ತು ಬಂದ ಲಾಟಿನಿಂದ ಒಂದು ಟೈಲು ತೆಗೆದು ಎಂದಿನಂತೆ ಪರೀಕ್ಷೆಗೆಂದು ಬಿಸಿ ಪೆಟ್ಟಿಗೆಯಲ್ಲಿ ಇಟ್ಟಳು. ಹೊರಗೆ ತೆಗೆದಾಗ ನಾಲ್ಕು ಮೂಲೆಯೂ ಮೇಲೆದ್ದಿದ್ದವು. ಬೆನ್ನು ಸೀಳಿ ನೋಡಿದಳು. ಒಳಗೆ ಜಾಲರಿಯೇ ಇಲ್ಲ! ಇನ್ನೊಂದು ಸೀಳಿದಳು, ಮತ್ತೊಂದು... ಜಾಲರಿ ತುಂಡಾದದ್ದು ಗೊತ್ತಾಗದೆ, ಇಡೀ ರೋಲು ಅದಿಲ್ಲದೆಯೇ ಮುಂದೆ ಸಾಗಿತ್ತು. ಅಪ್ಪನ ಪಾಳಿಯ ಮಾಲು.

ಕೆಂಪು ಚೀಟಿಯನ್ನು ಒಮ್ಮೆ ಎತ್ತಿ ಮತ್ತೆ ಕೆಳಗಿಟ್ಟಳು. ಆದರೂ ಅಂಟಿಸಿದಳು. ಸುಳ್ಳು ಚೀಟಿ ಅಂಟಿಸಿ ಅವಳಿಗೆ ಗೊತ್ತೇ ಇರಲಿಲ್ಲ. ಅಂಟಿಸಿದವಳೇ ಗುಮ್ಮನ ಹತ್ತಿರ ಓಡಿದಳು.

"ವರದೀಲಿ ಲೈನಿನ ತಪ್ಪು ಅಂತ ಬರಿ. ಅಪ್ಪನ ಹೆಸರು ಬೇಡ. ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತಾರೆ ಕಣೋ... ನಿನ್ನ ಕಾಲಿಗೆ ಬೀಳ್ತೀನಿ!"

ಅವನು ಅವಳನ್ನೇ ನೋಡುತ್ತ ನಿಂತ. ಪೆನ್ನು ತೆಗೆದು ಅಪ್ಪನ ಹೆಸರನ್ನೇ ಬರೆದ.

ಮರುದಿನವೇ ಅಪ್ಪನನ್ನು ಮನೆಗೆ ಕಳಿಸಿದರು.

"ಮಾವ ಅಂತ ಕರೀಬೇಕಾದವರ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ!" ಗೇಟಿನ ಹತ್ತಿರ ಎಲ್ಲರೆದುರಿಗೇ ಕೂಗಾಡಿದಳು. "ಯಾಕೆ? ಒಂದು ಮಾತು ಹೇಳು!"

ಅವನ ಕಣ್ಣು ತುಂಬಿತ್ತು. "ನನ್ನ ಹತ್ರ ಹೇಳೋಕೆ ಏನೂ ಇಲ್ಲ" ಎಂದ.

"ಹಾಗಾದ್ರೆ ನನ್ನ ಹತ್ರನೂ ಇಲ್ಲ. ಇವತ್ತಿಗೆ ಮುಗೀತು!"

ಅವಳು ಬೇರೆ ಪಾಳಿಗೆ ಹೋದಳು. ಟೇಬಲ್ಲಿನ ಹಿಂದಿದ್ದ ಎರಡು ಟೈಲನ್ನೂ ಎತ್ತಿ ಮೂಲೆಗೆಸೆದು ಬರಿಯ ಸಿಮೆಂಟಿನ ಮೇಲೇ ನಿಂತಳು.

ಅಪ್ಪ ಕುಗ್ಗಿಹೋದರು. ಪೇಪರು ಓದುವುದನ್ನು ಬಿಟ್ಟರು. "ನೀನೇ ಓದಿ ಹೇಳು ಪುಟ್ಟಿ" ಅನ್ನುತ್ತಿದ್ದರು. ಮಾತಾಡುವಾಗ ಅವಳ ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ಅವಮಾನ ಅಪ್ಪನನ್ನು ಒಳಗೇ ತಿನ್ನುತ್ತಿದೆ ಎಂದು ಅವಳಿಗೆ ಕರುಳು ಕಿತ್ತುಬರುತ್ತಿತ್ತು, ಗುಮ್ಮನ ಮೇಲಿನ ಸಿಟ್ಟು ಇನ್ನಷ್ಟು ಏರುತ್ತಿತ್ತು.

"ಅವನದೇನೂ ತಪ್ಪಿಲ್ಲ ಕಣೇ. ನಿನ್ನ ಹತ್ರ ಒಂದು ಮಾತು ಹೇಳ್ಬೇಕು..."

"ಅವನ ಸುದ್ದಿ ಈ ಮನೇಲಿ ಬೇಡಪ್ಪಾ!"

"ಸರಿ, ನಾಳೆ ಹೇಳ್ತೀನಿ" ಅನ್ನುತ್ತಿದ್ದರು ಅಪ್ಪ.

ಒಂದು ಸಂತೋಷ ಮಾತ್ರ ಉಳಿದಿತ್ತು. ಸಂಜೆ ಅವಳು ಗೇಟು ತೆಗೆದರೆ ಸಾಕು, ಕಿಟಕಿಯಲ್ಲಿ ನಿಂತ ಅಪ್ಪ ಕೈ ಬೀಸುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ.

ಮೂರು ತಿಂಗಳಿಗೆ ಆ ಕೈಯೂ ನಿಂತಿತು. ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು. ಗುಮ್ಮ ಬಂದು ದೂರದಲ್ಲಿ ನಿಂತಿದ್ದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಆ ಮನೆಯಲ್ಲಿ ಒಬ್ಬಳೇ ಇರುವುದು ಕಷ್ಟವಾಯಿತು. ಸಣ್ಣದೊಂದು ರೂಮು ನೋಡಿಕೊಂಡಳು. ವಾರದ ರಜೆಯ ದಿನ ಬೆಳಿಗ್ಗೆ ಟೈಲು ಕೀಳಲು ಕುಳಿತಳು, ಅಪ್ಪನ ಮಂಚದ ಬುಡದಿಂದ. ಕಿತ್ತ ಟೈಲಿನ ಬೆನ್ನಿಗೆಲ್ಲ ಸೀಮೆಸುಣ್ಣದಲ್ಲಿ ನಂಬರು ಬರೆದಳು. ಚೆಕ್ಕಿಂಗ್ ಟೇಬಲ್ಲಿನ ಚಾಳಿ, ಹೋಗಬೇಕಲ್ಲ!

ಒಂದು, ಎರಡು, ಮೂರು... ಏಳನೆಯದಕ್ಕೆ ಕೈ ನಿಂತಿತು.

ಏಳೂ ಟೈಲಿನ ಬಾಣ ಒಂದೇ ಕಡೆ. ಬಚ್ಚಲಿನ ಕಡೆಗೆ.

ಅಕ್ಕಪಕ್ಕದ ಟೈಲು ಎತ್ತಿದಳು. ಅವೆಲ್ಲ ಅಡ್ಡ. ನಡುವಿನ ಒಂದು ಸಾಲು ಮಾತ್ರ ನೇರ. ಆ ಸಾಲು ತಿರುಗುವ ಕಡೆಯಲ್ಲೆಲ್ಲ ಕುಶನ್ ಇಲ್ಲದ ಗಟ್ಟಿ ಟೈಲು!

'ತಪ್ಪು ಹೀಗೆ ಸಾಲಾಗಿ ಆಗಲ್ಲ...'

ದಿನಕ್ಕೆ ಸಾವಿರ ಟೈಲು ನೋಡುವವಳಿಗೆ ಅಷ್ಟು ಗೊತ್ತಿತ್ತು. ಕಿತ್ತದ್ದನ್ನೆಲ್ಲ ನಂಬರಿನ ಪ್ರಕಾರ ವಾಪಸು ಇಟ್ಟಳು. ಚಪ್ಪಲಿ ಬಿಟ್ಟಳು. ಮಂಚದ ಪಕ್ಕ ನಿಂತು ಕಣ್ಣು ಮುಚ್ಚಿದಳು.

ಪಾದ ಎಳೆದುಕೊಂಡು ಹೆಜ್ಜೆ ಇಟ್ಟಳು. ನುಣುಪು. ದಾರಿ ಬಿಟ್ಟು ಒಂದಿಷ್ಟು ಆಚೆ ಸರಿದರೆ ಅಡ್ಡ ಎಳೆ ಪಾದಕ್ಕೆ ಬೇರೆಯಾಗಿಯೇ ತಾಗುತ್ತಿತ್ತು. ಮತ್ತೆ ನುಣುಪಿಗೆ ಬಂದಳು. ಗಟ್ಟಿ ಟೈಲು ಸಿಕ್ಕಿತು, ತಿರುಗಿದಳು. ಕೈಗೆ ಬಚ್ಚಲಿನ ಬಾಗಿಲು ಸಿಕ್ಕಿತು. ಇನ್ನೊಂದು ಸಾಲು ಅಡುಗೆಮನೆಗೆ. ಮತ್ತೊಂದು ಅವಳ ಕೋಣೆಯ ಹೊಸ್ತಿಲಿಗೆ...

ಕೊನೆಯ ಸಾಲು ಹಿಡಿದು ನಡೆದಳು. ಮುಂಗೈಗೆ ತಣ್ಣನೆಯ ಕಬ್ಬಿಣ ತಾಗಿತು. ಕಣ್ಣು ತೆರೆದಳು.

ಕಿಟಕಿ! ಅಪ್ಪ ನಿಂತು ಕೈ ಬೀಸುತ್ತಿದ್ದ ಜಾಗ. ಕಾಲ ಕೆಳಗಿನ ಟೈಲು ಎರಡು ಪಾದದಗಲ ಸವೆದಿತ್ತು.

"ಅಪ್ಪಾ... ನಿನಗೆ ಕಾಣ್ತಾನೇ ಇರಲಿಲ್ವಾ?"

ಗೇಟಿನ ಸದ್ದು ಕೇಳಿ ಕೈ ಬೀಸುತ್ತಿದ್ದರೇ? ಮುಖಕ್ಕೆ ಮುಖ ಕೊಡದಿದ್ದದ್ದು ಅವಮಾನಕ್ಕಲ್ಲ, ಕಣ್ಣು ಕಾಣದ್ದಕ್ಕೋ? ಅಲ್ಲೇ ಕುಸಿದು ಕುಳಿತು ಗಂಟಲು ಬಿರಿಯುವ ಹಾಗೆ ಅತ್ತಳು. ಊರಿನ ಟೈಲಿನ ತಪ್ಪೆಲ್ಲ ಕಂಡವಳಿಗೆ ಹೆತ್ತಪ್ಪನ ಕಣ್ಣು ಕಾಣಲಿಲ್ಲವಲ್ಲ!

ಅಳು ನಿಂತಾಗ ಇನ್ನೊಂದು ಪ್ರಶ್ನೆ ಎದ್ದಿತು. ಈ ಟೈಲು ಹಾಸಿದ್ದು ಅಪ್ಪ ಒಬ್ಬರೇ ಅಲ್ಲ.

ಮಧ್ಯಾಹ್ನದ ಪಾಳಿಯ ಲೈನಿನ ಹತ್ತಿರ ಅವಳು ಕೆದರಿದ ತಲೆಯಲ್ಲೇ ಬಂದು ನಿಂತಾಗ ಗುಮ್ಮ ಬೆಚ್ಚಿದ.

"ಮನೇಲಿ ಟೈಲು ಕಿತ್ತೆ" ಎಂದಳು. ಅಷ್ಟಕ್ಕೇ ಅವನ ಮುಖ ಬಿಳಿಚಿತು. "ಇನ್ನಾದ್ರೂ ಬಾಯಿ ಬಿಡು."

ಅವನು ಅವಳನ್ನು ಮಾಲಿನ ಗೋಡೌನಿಗೆ ಕರೆದುಕೊಂಡು ಹೋದ. ಬಾಗಿಲು ಮುಂದಕ್ಕೆಳೆದು ಶುರುಮಾಡಿದ.

"ಜಾಲರಿನ ಅವರು ನೋಡ್ತಿರಲಿಲ್ಲ, ಬೆರಳಲ್ಲಿ ಮುಟ್ತಿದ್ರು. ಅದು ನನ್ನ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ಅತ್ತುಬಿಟ್ರು. ಕಣ್ಣಿನ ನರ ಒಣಗ್ತಾ ಇದೆ, ಹೋದ ದೃಷ್ಟಿ ಇನ್ನು ವಾಪಸ್ ಬರಲ್ಲ ಅಂದಿದ್ರಂತೆ ಡಾಕ್ಟರು. 'ಪುಟ್ಟಿಗೆ ಗೊತ್ತಾದ್ರೆ ಮದುವೇನೇ ಬೇಡ ಅಂತ ನನ್ನ ಪಕ್ಕ ಕೂತುಬಿಡ್ತಾಳೆ, ಮದುವೆ ಆದ್ಮೇಲೆ ನಾನೇ ಹೇಳ್ತೀನಿ' ಅಂದ್ರು. ನನ್ನಿಂದ ಆಣೆ ಹಾಕಿಸ್ಕೊಂಡ್ರು."

"ಮತ್ತೆ ವರದಿ?"

"ಬೇರೆ ಕೆಲಸ ಕೊಡ್ತೀನಿ ಅಂದೆ. ಒಪ್ಪಲಿಲ್ಲ. ಇನ್ನೊಂದು ತಿಂಗಳು, ಇನ್ನೊಂದು ತಿಂಗಳು ಅಂದ್ರು. ನಾನೂ ಸುಮ್ನಾದೆ, ಅದು ನನ್ನ ತಪ್ಪು. ಆವತ್ತು ಬೆಳಿಗ್ಗೆ ತುಂಡಾದ ಜಾಲರಿ ತಡಕೋಕೆ ಹೋಗಿ ಅವರ ತೋಳು ರೋಲರಿಗೆ ಒಂದು ಗೇಣು ದೂರದಲ್ಲಿತ್ತು ಕಣೇ! ಕೊನೇ ಗಳಿಗೇಲಿ ಲೈನ್ ನಿಲ್ಲಿಸ್ದೆ. ಆಗ ಅವರೇ ಹೇಳಿದ್ರು, 'ಕಣ್ಣು ಹೋಯ್ತು ಅಂತ ಬರೀಬೇಡ, ಮೇಸ್ತ್ರಿ ತಪ್ಪು ಮಾಡ್ದ ಅಂತ ಬರಿ' ಅಂತ. ಹೆಸರು ಬರೀದೇ ಹೋಗಿದ್ರೆ ಮಾರನೇ ದಿನ ಮತ್ತೆ ಆ ರೋಲರ್ ಮುಂದೆನೇ ನಿಲ್ತಿದ್ರು."

ಅವಳು ಪಕ್ಕದ ಪೆಟ್ಟಿಗೆಗೆ ಒರಗಿದಳು.

"ಅಪ್ಪ ಹೋದ್ಮೇಲಾದ್ರೂ ಹೇಳಬಹುದಿತ್ತಲ್ಲ... ನಾನು ನಿನ್ನನ್ನ ಎಷ್ಟು ಶಪಿಸಿದ್ದೀನಿ ಗೊತ್ತಾ?"

"ಗೊತ್ತು." ಅವನು ಮುಖ ತಿರುಗಿಸಿಕೊಂಡ. "ಹೇಳಿದ್ರೆ, ಅಪ್ಪನ ಕಣ್ಣು ಹೋಗಿದ್ದು ನನಗೆ ಕಾಣ್ಲಿಲ್ವಲ್ಲ ಅಂತ ಸಾಯೋವರೆಗೂ ಕೊರಗ್ತಿದ್ದೆ ನೀನು. ಅದಕ್ಕಿಂತ ನನ್ನ ಮೇಲೆ ಸಿಟ್ಟಿದ್ರೆ ವಾಸಿ ಅನ್ನಿಸ್ತು. ಸಿಟ್ಟಲ್ಲಾದ್ರೂ ನೆಟ್ಟಗೆ ನಿಂತಿರ್ತೀಯ..."

ಅವಳು ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಗುದ್ದಿ ಗುದ್ದಿ ಸೋತು, ಅಲ್ಲೇ ಮುಖ ಹುದುಗಿಸಿ ಬಿಕ್ಕಿದಳು. ಅವನೂ ಅಳುತ್ತಿದ್ದ. ಅಷ್ಟು ತಿಂಗಳ ಮೌನ ಇಬ್ಬರಿಗೂ ಸುಸ್ತು ತಂದಿತ್ತು.

"ನನ್ನನ್ನ ಕ್ಷಮಿಸ್ತೀಯಾ?" ಎಂದಳು.

"ನಾನು ನಿನ್ನನ್ನ ಪ್ರೀತಿಸ್ತೀನಿ. ಅದೊಂದೇ ನನಗೆ ಗೊತ್ತಿರೋದು" ಎಂದ ಗುಮ್ಮ. ಇಷ್ಟು ದಿನದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಆ ಮನೆ ಬಿಡಲಿಲ್ಲ. ಮುಂದಿನ ರಜೆಯ ದಿನ ಇಬ್ಬರೂ ಮಂಡಿಯೂರಿ ಸಡಿಲವಾಗಿದ್ದ ಟೈಲುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದರು.

"ಈ ಸಲ ಬಾಣ ನೋಡಿ ಸರಿಯಾಗಿ ಹಾಸಲಾ, ಇನ್‌ಸ್ಪೆಕ್ಟರ್ ಅಮ್ಮಾ?"

"ಒಂದೂ ಅಲ್ಲಾಡಿಸಬೇಡ!"

ಅವಳು ಎದ್ದು ಹೋಗಿ ಕಿಟಕಿಯ ಹತ್ತಿರ, ಆ ಸವೆದ ಟೈಲಿನ ಪಕ್ಕ ನಿಂತಳು. ಅದರ ಮೇಲೆ ಕಾಲಿಡಲಿಲ್ಲ.

"ಚಪ್ಪಲಿ ಬಿಡು. ಮಂಚದ ಹತ್ರ ನಿಂತ್ಕೊ. ಕಣ್ಣು ಮುಚ್ಚು... ಈಗ ಬಾ."

ಅವನು ಪಾದ ಎಳೆಯುತ್ತ, ನಿಧಾನಕ್ಕೆ ಬಂದ. ಗಟ್ಟಿ ಟೈಲಿನಲ್ಲಿ ನಿಂತು ತಿರುಗಿದ. ಚಾಚಿದ ಕೈ ಅವಳ ಕೆನ್ನೆಗೆ ತಾಗಿತು. ಕೆನ್ನೆ ಒದ್ದೆಯಾಗಿತ್ತು.

"ಅಳ್ತಿದ್ದೀಯಾ?"

"ಹ್ಞೂಂ. ನೀನು ಕಣ್ಣು ಬಿಡಬೇಡ" ಎಂದಳು. "ಅಪ್ಪನಿಗೂ ಹೀಗೇ ಸಿಗ್ತಿದ್ನಾ ನಾನು?"

"ಹೀಗೇ" ಎಂದ ಅವನು. "ದಾರಿ ಹಾಸೋವಾಗ ಮೊದಲು ಕೇಳಿದ್ದೇ ಅದು. ಬಚ್ಚಲು, ಅಡುಗೆಮನೆ ಎಲ್ಲಾ ಆಮೇಲೆ ಮಾಡೋಣ, ಪುಟ್ಟಿ ಬರೋದು ಕೇಳೋ ಕಿಟಕಿಗೆ ಮೊದಲು ಹಾಸು ಅಂದ್ರು."