ವಸಂತಾ ಸಂಕರ್ಷಣ ಅವರಿಗೆ ಸಲ್ಲತಕ್ಕದ್ದು

“ವಸಂತಾ ಜೀ ಕೌನ್ ಹೈಂ?”

ಕಾಶಿಯ ಕಂಟೋನ್ಮೆಂಟಿನ ಬ್ಯಾಂಕಿನಲ್ಲಿ ವಿದೇಶಿ ಚೆಕ್ಕುಗಳ ಕೌಂಟರಿನ ಗುಮಾಸ್ತ ಕನ್ನಡಕದ ಮೇಲಿಂದ ಕೇಳಿದ. ಪ್ರಿಯಂವದಾ ಸಂಕರ್ಷಣನ ಮುಖ ನೋಡಿದಳು. ಸಂಕರ್ಷಣ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅದರಲ್ಲಿ ಕಳೆದ ತಿಂಗಳು ಇನ್ನೂ ಮುಗಿದಿರಲಿಲ್ಲ.

“ಮೈಂ,” ಎಂದಳು ಅವಳು.

ಗುಮಾಸ್ತ ಅವಳ ಕಾಲೇಜಿನ ಗುರುತಿನ ಚೀಟಿಯನ್ನು ಬೆಳಕಿಗೆ ಹಿಡಿದ. “ಇಸ್‌ಮೇಂ ತೋ ಪ್ರಿಯಂವದಾ ಹೈ.” ಆಮೇಲೆ ಸಂಕರ್ಷಣನ ಚೀಟಿಯನ್ನೂ ಕೇಳಿ ಪಡೆದ. ಅದನ್ನು ಓದಿ, ಚೆಕ್ಕನ್ನು ಇನ್ನೊಮ್ಮೆ ಓದಿ, ಮದುವೆ ಮನೆಯ ಹಿರಿಯನಂತೆ ನಕ್ಕ. “ಅಚ್ಛಾ, ಅಚ್ಛಾ! ಶಾದೀ ಕೇ ಬಾದ್ ನಾಮ್ ಬದಲಾ ಹೈ. ತೋ ಶಾದೀ ಕಾ ಕಾಗಜ್ ಲೇ ಆಇಯೇ, ಬಹೂಜೀ. ಖಾತಾ ಖುಲ್ ಜಾಯೇಗಾ.” ಮದುವೆಯ ಕಾಗದ ತಂದರೆ ಖಾತೆ ತೆರೆಯುತ್ತಾನಂತೆ.

ಚೆಕ್ಕು ಅಮೆರಿಕದಿಂದ ಸಂಕರ್ಷಣನ ಕೋಣೆಯ ವಿಳಾಸಕ್ಕೆ ಬಂದಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದದ್ದು ಈಗಲೇ. ಮೇಲೆ ಅಚ್ಚಾಗಿದ್ದ ಹೆಸರನ್ನು ಓದಿದಳು: ವಸಂತಾ ಸಂಕರ್ಷಣ. ಇನ್ನೊಮ್ಮೆ ಓದಿದಳು. ಎರಡನೆಯ ಸಲ ಓದುವಾಗ ಅವಳಿಗೆ ತನ್ನ ಉಸಿರಿನ ಸದ್ದು ಕೇಳಿಸಿತು.

ಹೊರಗೆ ಆಟೋಗಳ ಗದ್ದಲ. ಬೇವಿನ ನೆರಳಿನಲ್ಲಿ ನಿಂತು ಅವಳು ಕೇಳಿದಳು.

“ವಸಂತಾ ನಮ್ಮ ಪುಸ್ತಕದ ಲೇಖಕಿ. ಅದು ಗೊತ್ತದ. ಈ ಸಂಕರ್ಷಣ ಯಾರ್ರೀ?”

“ಅದು… ಆ ವೆಬ್‌ಸೈಟಿನ ಫಾರ್ಮಿನಾಗ ಎರಡನೇ ಹೆಸರು ತುಂಬದ ಹೊರತು ಮುಂದಕ್ಕ ಹೋಗವಲ್ದಾಗಿತ್ತು. ಕೆಂಪು ಅಕ್ಷರದಾಗ ಬೈಲಿಕ್ಕತ್ತಿತ್ತು.”

“ಮಿಶ್ರಾ ಅಂತ ತುಂಬಬೇಕಿತ್ತು. ಯಾದವ ಅಂತ. ಕಾಶಿಯೊಳಗ ಹೆಸರಿಗೆ ಬರ ಏನು?”

“ಕೈಗೆ ಬಂದದ್ದು ಬರದೆ.”

“ಕೈಗೆ ಬಂತೋ, ಮನಸಿಗೆ ಬಂತೋ?”

ಅವನ ಕಿವಿಯ ತುದಿ ನಿಧಾನವಾಗಿ ಕೆಂಪಾಯಿತು. ಹಿಂತಿರುಗುವಾಗ ಆಟೋದಲ್ಲಿ ಅವರಿಬ್ಬರ ನಡುವೆ ಹಾಲಿನವನೊಬ್ಬ ಖಾಲಿ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತ. ಕ್ಯಾನಿನ ಬೆಳ್ಳನೆಯ ಹೊಟ್ಟೆಯಲ್ಲಿ ಅವಳಿಗೆ ಅವನ ಮುಖ ಉದ್ದುದ್ದವಾಗಿ ಕಾಣುತ್ತಿತ್ತು. ಅವನೂ ಅಲ್ಲೇ ನೋಡುತ್ತಿದ್ದಾನೆಂದು ಗೊತ್ತಾದಾಗ ಇಬ್ಬರೂ ಒಟ್ಟಿಗೆ ಕಣ್ಣು ತೆಗೆದರು.

ಅವರನ್ನು ಸೇರಿಸಿದ್ದು ಒಂದು ಹರಕು ಪುಸ್ತಕ.

ಗಂಗೆಯ ದಡದ ಅಸ್ಸಿ ಘಾಟಿನ ಬಳಿ ವಿದೇಶಿಯರು ಬಿಟ್ಟುಹೋದ ಕಾದಂಬರಿಗಳನ್ನು ಮಾರುವ ಒಂದು ಗೂಡಂಗಡಿಯಿತ್ತು. ಅಲ್ಲಿ ಪ್ರಿಯಂವದಾ ಕೊಂಡ ಪ್ರೇಮಕಥೆಯೊಂದಕ್ಕೆ ಕೊನೆಯ ಹಾಳೆಗಳಿರಲಿಲ್ಲ. ಮರಳಿಸಲು ಹೋದಾಗ ಅಂಗಡಿಯವನು, “ಇವರೂ ಅದನ್ನೇ ಬೈದುಕೊಂಡು ವಾಪಸು ಕೊಟ್ಟಿದ್ದರು,” ಎಂದು ಪಕ್ಕದಲ್ಲಿ ನಿಂತವನನ್ನು ತೋರಿಸಿದ. ಅವನು ಸಂಕರ್ಷಣ. ಬಾಗಲಕೋಟೆಯ ಕಡೆಯವನು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಸಂಶೋಧನೆ ಮಾಡುತ್ತಿದ್ದ. ಫೆಲೋಶಿಪ್ ಮುಗಿದಿತ್ತು, ಪ್ರಬಂಧ ಮುಗಿದಿರಲಿಲ್ಲ. ಅವಳ ತಂದೆ ವೇದವ್ಯಾಸಾಚಾರ್ಯರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವವರು. ಜನ ಹೆಚ್ಚಾದ ದಿನ ಅವರ ಮನೆಯಲ್ಲಿ ಎಲೆ ಹಾಕಿ ಬಡಿಸಲು ಅವನು ಬರುತ್ತಿದ್ದ. ಅಲ್ಲಿಯವರೆಗೆ ಅವಳು ಅವನನ್ನು ಸಾರಿನ ಬಕೀಟಿನಿಂದಲೇ ಗುರುತಿಸುತ್ತಿದ್ದಳು.

“ಕೊನಿಗೆ ಏನಾಗಿರಬಹುದ್ರೀ?” ಎಂದು ಅವಳು ಅಂದು ಕೇಳಿದ್ದಳು.

“ಆಕಿ ಹೋಗಿರ್ತಾಳ.”

“ನೀವು ಮನಿಶ್ಯಾರೋ ಅಲ್ಲೋ? ಆಕಿ ತಿರುಗಿ ಬರ್ತಾಳ!”

ಎರಡು ಕೊನೆಗಳ ಜಗಳ ಘಾಟಿನ ಮೆಟ್ಟಿಲವರೆಗೂ ನಡೆಯಿತು. ಕೊನೆಗೆ ಅವಳು, “ನಾವೇ ಒಂದು ಬರದ್ರ?” ಎಂದಳು. ಅದು 2007ರ ಚಳಿಗಾಲ. ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯನ್ನು ಯಾವ ಪ್ರಕಾಶಕನ ಹಂಗೂ ಇಲ್ಲದೆ ಈ-ಬುಕ್ ಮಾಡಿ ಮಾರಬಹುದಾದ ವೆಬ್‌ಸೈಟೊಂದು ಅಮೆರಿಕದಲ್ಲಿದೆ ಎಂದು ಅವನು ಓದಿದ್ದ. ಇಬ್ಬರೂ ಕೆಲಸ ಹಂಚಿಕೊಂಡರು. ಹಿಮ, ಮನೆ, ಕುದುರೆ, ಬೆಂಕಿಗೂಡು ಅವನದು. ಮಾತು, ಮುನಿಸು, ಮುತ್ತು ಅವಳದು. ಅವನು ಹಿಮ ಕಂಡಿರಲಿಲ್ಲ. ಅವಳು ಯಾರಿಗೂ ಮುತ್ತು ಕೊಟ್ಟಿರಲಿಲ್ಲ. ಆದರೂ ವಿಶ್ವವಿದ್ಯಾಲಯದ ಬಳಿಯ ಲಂಕಾ ಪೇಟೆಯ ಸೈಬರ್ ಕೆಫೆಯಲ್ಲಿ, ಜನರೇಟರಿನ ಹೊಗೆಯ ನಡುವೆ, ಒಂದೇ ಕೀಬೋರ್ಡಿನ ಮೇಲೆ ಅದು ಕಾದಂಬರಿಯಾಯಿತು. ಲೇಖಕಿಗೆ ವಸಂತಾ ಎಂದು ಹೆಸರಿಟ್ಟವಳು ಪ್ರಿಯಂವದಾ. ಹಿಮದ ಕಥೆಗೆ ಅದು ಬೇಕೆನಿಸಿತ್ತು.

ಯಾರೋ ಕೊಂಡರು. ಆಮೇಲೆ ಇನ್ನೂ ಯಾರೋ ಯಾರೋ. ಕಾಣದ ಊರುಗಳ ಕಾಣದ ಹೆಂಗಸರು “ಪ್ರಿಯ ವಸಂತಾ” ಎಂದು ಈ-ಮೇಲ್ ಬರೆಯತೊಡಗಿದರು. ಒಬ್ಬಳು, ನಿನ್ನ ಗಂಡ ಅದೃಷ್ಟವಂತ, ಎಂದಿದ್ದಳು. ಸಂಕರ್ಷಣ ಅದನ್ನು ಎರಡು ಸಲ ಓದಿ ಹೇಳಿದ್ದ.

ಪ್ರಿಯಂವದಾಳಿಗೆ ಆ ಗಳಿಕೆ ಆಟವಾಗಿರಲಿಲ್ಲ. ಮನೆಗೆ ಸೋಲಾಪುರದ ಸಂಬಂಧವೊಂದು ಬಂದಿತ್ತು. ಹುಡುಗನ ಕಡೆಯವರು ಕಾಶೀಯಾತ್ರೆ ಮಾಡಿ, ಮದುವೆಯನ್ನೂ ಇಲ್ಲೇ ಮುಗಿಸಿಕೊಂಡು ಹೋಗುವ ಆಲೋಚನೆಯಲ್ಲಿದ್ದರು. ಅವಳು ತಂದೆಯ ಮುಂದೆ ಕೂತು, ತಾನು ಪುಸ್ತಕ ಬರೆದು ಗಳಿಸುತ್ತಿದ್ದೇನೆ, ತನ್ನ ಅನ್ನ ತಾನು ನೋಡಿಕೊಳ್ಳಬಲ್ಲೆ, ಈಗಲೇ ಬೇಡ, ಎಂದಿದ್ದಳು. ಆಚಾರ್ಯರು ಬೈಯಲಿಲ್ಲ.

“ಗಳಸ್ತೀಯೇನವ್ವ? ಛೊಲೋ ಆತು. ದೀಪಾವಳಿ ಒಳಗ ತೋರಸು. ಅವರಿಗೆ ನಾ ತಡೀರಿ ಅಂತ ಹೇಳ್ತೀನಿ.”

ಹಾಗಾಗಿ ಆ ಚೆಕ್ಕು ನಗದಾಗಲೇಬೇಕಿತ್ತು.

ವೆಬ್‌ಸೈಟಿನವರಿಗೆ ಹೆಸರು ತಿದ್ದಿಕೊಡಿ ಎಂದು ಬರೆದರು. ಬಹಳ ವಿನಯದ ಉತ್ತರ ಬಂತು: ಖಾತೆಯ ಹೆಸರು ಬದಲಿಸಬೇಕಾದರೆ ಖಾತೆದಾರಳಾದ ವಸಂತಾ ಸಂಕರ್ಷಣ ತನ್ನ ಸರ್ಕಾರಿ ಗುರುತಿನ ಪತ್ರ ಕಳುಹಿಸಬೇಕು. ಅಲ್ಲಿಯವರೆಗೆ ಖಾತೆಯನ್ನು ತಡೆಹಿಡಿಯಲಾಗಿದೆ. ಹಾಗೆಯೇ, ವಸಂತಾ ಅವರ ಮುಂದಿನ ಕಾದಂಬರಿಗಾಗಿ ತಾವೆಲ್ಲ ಕಾದಿದ್ದೇವೆ.

ಕೋರ್ಟು ಕಚೇರಿಯ ಹೊರಗೆ ಮೇಜು ಹಾಕಿಕೊಂಡಿದ್ದ ವಕೀಲ ಇನ್ನೂ ಸರಳವಾಗಿ ಹೇಳಿದ. ಹೆಸರು ಬದಲಿಸುವ ಅಫಿಡವಿಟ್ಟು ಸಂಜೆಯೊಳಗೆ ಆಗುತ್ತದೆ. ಟೈಪ್‌ರೈಟರಿಗೆ ಕಾಗದ ಏರಿಸಿ ಕೇಳಿದ, “ಪತಿ ಕಾ ನಾಮ್?”

ವಕೀಲ ಇಬ್ಬರ ಮುಖವನ್ನೂ ನೋಡಿ ಮತ್ತೆ ಕೇಳಿದ.

“ಸಂಕರ್ಷಣ ಪಿತಾ ಕಾ ನಾಮ್ ಹೈ ಕ್ಯಾ?”

“ಅಲ್ಲ,” ಎಂದಳು ಪ್ರಿಯಂವದಾ, ಕನ್ನಡದಲ್ಲೇ.

ಮದುವೆಯಾಗದೆ ಚೆಕ್ಕು ನಗದಾಗದು. ಚೆಕ್ಕು ನಗದಾಗದೆ ಸೋಲಾಪುರ ತಪ್ಪದು. ಅಷ್ಟೇ ಇದ್ದದ್ದು. ಗೋದೌಲಿಯಾ ಚೌಕದಲ್ಲಿ ಗೂಳಿಯೊಂದು ರಸ್ತೆಗೆ ಅಡ್ಡ ಮಲಗಿ ರಿಕ್ಷಾಗಳೆಲ್ಲ ನಿಂತಾಗ ಅವನು ಬಾಯಿಬಿಟ್ಟ.

“ನಾ ಆವತ್ತು ಬೇಕಂತ ಬರದಿದ್ದೆ. ಎರಡನೇ ಹೆಸರು.”

“ಗೊತ್ತದ.”

“ಯಾವಾಗ ಗೊತ್ತಾತು?”

“ನೀವು ಕ್ಯಾಲೆಂಡರ್ ನೋಡಿದಾಗ.” ಅವಳು ನಕ್ಕಳು. ಆಮೇಲೆ ದುಪಟ್ಟಾದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. “ಅಪ್ಪನ ಮುಂದ ಇಡೂಣು. ಏನಾಗ್ತದೋ ಆಗ್ಲಿ.”

ಆಚಾರ್ಯರು ಊಟ ಮುಗಿಸಿ ಜಗುಲಿಯ ಮೇಲೆ ಕೂತಿದ್ದರು. ಚೆಕ್ಕನ್ನು ಅಂಗೈ ಮೇಲಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಮೊದಲ ಹೆಸರು ಓದುವಾಗ ಹುಬ್ಬು ಗಂಟಾಗಿತ್ತು. ಎರಡನೆಯ ಹೆಸರು ಮುಗಿದಾಗ ಅದು ಬಿಚ್ಚಿತು. ಕಂಬದ ಪಕ್ಕ ನಿಂತಿದ್ದ ಸಂಕರ್ಷಣನನ್ನು ನೋಡಿದರು. ಮಗಳನ್ನು ನೋಡಿದರು. ಎಲ್ಲ ತಿಳಿದುಹೋಗಿತ್ತು.

“ಬರದಾಕಿ ಯಾರು?”

“ನಾನೇ ಅಪ್ಪಾ. ನಾವಿಬ್ರೂ.”

“ಅಲ್ಲವ್ವ. ರೊಕ್ಕ ಯಾರಿಗೆ ಸೇರಬೇಕಂತ ಇದರಾಗ ಬರದಾರಲ್ಲ, ಆಕಿ ನಮ್ಮ ಮನಿಯಾಗ ಇಲ್ಲ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಬಹುದಿತ್ತು. “ಇದ್ದಾಕಿಗೆ ನಾ ಗಂಡು ನೋಡೀನಿ.”

ಆಮೇಲೆ ಚೆಕ್ಕನ್ನು ಸಂಕರ್ಷಣನ ಕಡೆ ಚಾಚಿದರು. “ನಿನ್ನ ಹೆಸರು ಇದರಾಗ ಅದ. ಹೆಸರು ಬಿಟ್ಟು ಮತ್ತೇನದ ಹೇಳು. ಕೇಳ್ತೀನಿ.”

ಪ್ರಿಯಂವದಾ ಕಾದಳು. ಹಿಮದ ಮೇಲೆ ಪುಟಗಟ್ಟಲೆ ಬರೆಯಬಲ್ಲವನು ಒಂದು ವಾಕ್ಯ ಹೇಳಲಿ ಎಂದು ಕಾದಳು. ಅವನು ಬಾಯಿ ತೆರೆದ. ಮುಗಿಯದ ಪ್ರಬಂಧ, ಬಾಡಿಗೆ ಬಾಕಿಯಿದ್ದ ಕೋಣೆ, ತಡೆಹಿಡಿದ ಖಾತೆ, ಎಲ್ಲ ಅವನ ಮುಖದ ಮೇಲೆ ಬಂದು ಹೋದದ್ದನ್ನು ಅವಳು ಕಂಡಳು. ಅವನು ಚೆಕ್ಕು ಇಸಿದುಕೊಂಡು, “ಬರ್ತೀನ್ರೀ, ಆಚಾರ್ರ,” ಎಂದ.

ದೀಪಾವಳಿ ಕಳೆಯಿತು. ಮದುವೆ ಗೊತ್ತಾಯಿತು.

ಮದುವೆಗೆ ಮುಂಚೆ ಅವರು ಅಸ್ಸಿಯಲ್ಲಿ ಒಂದೇ ಸಲ ಕೂತರು. ಮಧ್ಯಾಹ್ನ. ಕೆಳಗೆ ಮಗುಚಿದ ದೋಣಿಗೆ ಒಬ್ಬ ಡಾಂಬರು ಬಳಿಯುತ್ತಿದ್ದ. ಮಣ್ಣಿನ ಕುಲ್ಹಡಿನ ಚಹಾ ಇಬ್ಬರ ಕೈಯಲ್ಲೂ ಆರಿತ್ತು.

“ಎಲ್ಲ್ಯಾರ ಹೋಗಿಬಿಡೂಣೇನು?” ಎಂದ ಅವನು.

“ಎಲ್ಲಿಗ್ರೀ? ಮಂದಿ ಎಲ್ಲಾ ಮುಗಿಸಿ ಕೊನಿಗೆ ಬರೋ ಊರು ಇದು. ಇಲ್ಲಿಂದ ಎಲ್ಲಿಗೆ ಓಡಿಹೋಗೂದು?” ಅವಳು ನಗಿಸಲು ನೋಡಿದಳು. ಅವನು ನಗಲಿಲ್ಲ. “ಅಪ್ಪ ಊರವರ ತಂದೆತಾಯಿಗೆಲ್ಲ ಪಿಂಡ ಇಡಸ್ತಾರ. ನಾ ಓಡಿಹೋದ್ರ ಅವರ ಕೈಲೆ ಯಾರು ಇಡಿಸಿಕೋತಾರ? ಆಮ್ಯಾಲೆ ಮನಿಯಾಗ ಅಜ್ಜಿ ಏನು ಉಣ್ಣಬೇಕು?”

“ನಾ ಆವತ್ತು ಏನರ ಅನಬೇಕಿತ್ತು.”

“ಹೂಂ. ಅನಬೇಕಿತ್ತು.”

ಅವಳು ಅದನ್ನು ಮೆತ್ತಗೆ ಮಾಡಲಿಲ್ಲ. ಆರಿದ ಚಹಾ ಒಂದು ಗುಟುಕು ಕುಡಿದು ಕೇಳಿದಳು, “ನಾವು ಅರ್ಧ ಬರದ ಎರಡನೇ ಪುಸ್ತಕದಾಗ ಅವರಿಬ್ಬರೂ ಇನ್ನೂ ಆ ಗುಡ್ಡದ ಮನಿಯಾಗ ಸಿಕ್ಕಿಕೊಂಡಾರಲ್ಲ?”

“ಹೌದು. ಹಿಮಾ ಬಾಗಲ ಮಟ ಬಂದದ.”

“ಹಿಮಾ ನಿಮ್ಮದು. ಕರಗಿಸಿಬಿಡ್ರಿ. ಪಾಪ, ಮನಿಗೆ ಹೋಗ್ಲಿ.”

“ಕರಗಿದ್ರ ಆಕಿ ಒಂದು ಕಡೆ, ಅವ ಒಂದು ಕಡೆ ಹೋಗ್ತಾರ.”

ಅವಳು ಕುಲ್ಹಡನ್ನು ಮೆಟ್ಟಿಲ ಮೇಲಿಟ್ಟಳು. “ಹಂಗಾದ್ರ ಬ್ಯಾಡ. ಇರಲಿ ಬಿಡ್ರಿ. ಕಟ್ಟಿಗಿ ಅವ ಅಲ್ಲಾ ಒಳಗ?”

“ಅವ.”

“ಸಾಕು.”

ಅವಳು ಎದ್ದಳು. ಅವನ ತೋಳಿನ ಮೇಲೆ ಡಾಂಬರಿನ ಒಂದು ಚುಕ್ಕೆ ಹಾರಿ ಕೂತಿತ್ತು. ಒರೆಸಲು ಬೆರಳು ಚಾಚಿದಳು. ಅದು ಹೋಗಲಿಲ್ಲ. ಬೆರಳೂ ಬೇಗ ಹೋಗಲಿಲ್ಲ.

ಮದುವೆಯ ಹಿಂದಿನ ದಿನ ಅಜ್ಜಿ ಪದ್ಮಾಬಾಯಿ ಅವಳ ಕೂದಲಿಗೆ ಎಣ್ಣೆ ಹಚ್ಚುತ್ತ ಹೇಳಿದರು, “ನಾಳೆ ಅಕ್ಕಿಯೊಳಗ ನಿನ್ನ ಹೊಸ ಹೆಸರು ಬರೀತಾರ. ಅಳಬ್ಯಾಡ. ನನಗೂ ಬರದಿದ್ರು.”

“ಮೊದಲ ನಿನ್ನ ಹೆಸರು ಏನಿತ್ತಜ್ಜಿ?”

“ಕೃಷ್ಣಿ. ಕರಿಯೋರು ಯಾರೂ ಉಳದಿಲ್ಲ.” ಅಜ್ಜಿ ಕೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡರು. “ಮೊದಮೊದಲು ಪದ್ಮಾ ಅಂತ ಕರದ್ರ ನಾ ಹೊಳ್ಳಿ ನೋಡ್ತಿರಲಿಲ್ಲ. ಯಾರನ್ನೋ ಕರೀತಾರ ಅನಸ್ತಿತ್ತು. ಸೊಕ್ಕಿನ ಸೊಸಿ ಅಂತ ಬೈಸಿಕೊಂಡೆ.”

ಮದುವೆ ನಡೆದ ಧರ್ಮಶಾಲೆಯ ಒಂದು ಭಾಗವನ್ನೇ ಗಂಡಿನ ಮನೆ ಎಂದು ಕರೆದು, ಅದರ ಹೊಸ್ತಿಲಲ್ಲಿ ಅಕ್ಕಿಯ ಸೇರು ಒದೆಸಿ ಅವಳನ್ನು ಒಳಗೆ ಕರೆದುಕೊಂಡರು. ಹಿತ್ತಾಳೆ ಹರಿವಾಣದಲ್ಲಿ ಅಕ್ಕಿ ಹರಡಿತ್ತು. ಮದುಮಗ ಶ್ರೀಪಾದ ಒಳ್ಳೆಯವನಂತೆ ಕಂಡ. ಅದು ಅವಳಿಗೆ ಇನ್ನಷ್ಟು ಕಷ್ಟವಾಯಿತು. ಕೈಯ ಉಂಗುರ ತೆಗೆದು ಹಿಡಿದುಕೊಂಡು, ಯಾರಿಗೂ ಕೇಳದಂತೆ ಬಗ್ಗಿದ.

“ನಮ್ಮಮ್ಮ ಲಕ್ಷ್ಮೀ ಅಂತ ಬರಿ ಅಂದಾಳ. ನಿಮಗ ಬ್ಯಾರೆ ಯಾವದರ ಬೇಕೇನು?”

ಅಂಥದ್ದೊಂದು ಪ್ರಶ್ನೆಯನ್ನು ಯಾರಾದರೂ ಕೇಳಬಹುದೆಂದು ಅವಳು ಎಣಿಸಿರಲಿಲ್ಲ. ಉತ್ತರ ಮಾತ್ರ ಕಾದುಕೊಂಡೇ ಇದ್ದಂತೆ ಬಾಯಿಗೆ ಬಂತು.

“ವಸಂತಾ.”

ಅವನು ಉಂಗುರದ ಅಂಚಿನಿಂದ ಅಕ್ಕಿಯನ್ನು ಸರಿಸುತ್ತ ಬರೆದ. ಅಕ್ಷರಗಳ ನಡುವೆ ಹಿತ್ತಾಳೆ ಹೊಳೆಯಿತು. ಆ ಹೆಸರಿನ ಮುಂದೆ ಅವನು ತನ್ನ ಹೆಸರನ್ನೂ ಬರೆದ. ಹರಿವಾಣದ ಅಕ್ಕಿ ಅಷ್ಟಕ್ಕೇ ಮುಗಿಯಿತು.

ಅರ್ಧ ಹೆಸರು ತನ್ನದಾಯಿತು, ಎಂದುಕೊಂಡಳು. ಚೆಕ್ಕಿನ ಆರು ತಿಂಗಳ ಅವಧಿ ಮುಗಿದಿತ್ತು. ಅದು ಎಲ್ಲಿದೆಯೆಂದು ಅವಳು ಕೇಳಿರಲಿಲ್ಲ.

ಊಟಕ್ಕೆ ಎಲೆ ಹಾಕಿದರು. ಕಾಶಿಯಲ್ಲಿರುವ ಕನ್ನಡದವರೇ ನಾಲ್ಕು ಮಂದಿ. ಅವರೇ ಬಡಿಸಬೇಕು. ಸಂಕರ್ಷಣ ಪಂಚೆ ಎತ್ತಿ ಕಟ್ಟಿ, ಸಾರಿನ ಬಕೀಟು ಹಿಡಿದು, ಗಂಡಿನ ಕಡೆಯವರ ಸಾಲಿನಲ್ಲಿ ಬಗ್ಗಿ ಬಗ್ಗಿ ಬಡಿಸುತ್ತ ದೂರ ಸಾಗುತ್ತಿದ್ದ. ಅವನ ಬೆನ್ನು ಇತ್ತ ಕಡೆಗಿತ್ತು. ಪ್ರಿಯಂವದಾ ತಲೆ ಎತ್ತದೆ ಎಲೆಯ ತುದಿಯ ಉಪ್ಪನ್ನು ನೋಡುತ್ತಿದ್ದಳು. ಸುತ್ತ ಮಾತು, ನಗು, ಲೋಟಗಳ ಸದ್ದು. ಯಾರೋ ಯಾರನ್ನೋ ಕರೆಯುತ್ತಿದ್ದರು. ಮತ್ತೆ ಕರೆದರು. ಅವಳು ಉಪ್ಪನ್ನು ನೋಡುತ್ತಲೇ ಇದ್ದಳು.

ಸೌಟಿನ ಸದ್ದು ನಿಂತಿತು.

ಅವಳು ತಲೆ ಎತ್ತಿದಳು. ಸಾಲಿನ ಆ ತುದಿಯಲ್ಲಿ ಸಂಕರ್ಷಣ ಬಕೀಟು ಹಿಡಿದುಕೊಂಡೇ ತಟ್ಟನೆ ಹಿಂತಿರುಗಿ ನಿಂತಿದ್ದ, ಯಾರೋ ತನ್ನನ್ನೇ ಕೂಗಿದಂತೆ. ಅವನ ಮುಖ ನೋಡಿದ ಮೇಲೆ ಅವಳಿಗೆ ತಿಳಿಯಿತು, ಅತ್ತೆ ಕರೆಯುತ್ತಿದ್ದದ್ದು ಯಾರನ್ನು ಎಂದು.

“ಬಂದೆ,” ಎಂದಳು ವಸಂತಾ.